ಕೊಯ್ಯದ ಮಡಿಯ ಹುಲ್ಲು

ಗುವುಹೋಲ್, ಐಸ್‌ಲ್ಯಾಂಡ್
೯ ಮಾರ್ಚ್ ೧೯೯೭

ಡ್ರೀವಾ,

ಕ್ರಿಸ್‌ಮಸ್ ಕಾರ್ಡಲ್ಲದೆ ನನ್ನಿಂದ ಬೇರೆ ಕಾಗದ ಬಂದರೆ ಯಾರೋ ಹೋಗಿಬಿಟ್ಟರೆಂದು ನಿನ್ನ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಯಾರೂ ಹೋಗಿಲ್ಲ. ಅಪ್ಪ ಪೇಟೆಯ ವೃದ್ಧಾಶ್ರಮದಲ್ಲಿ ಗಟ್ಟಿಯಾಗಿದ್ದಾರೆ. ಅಲ್ಲಿಯ ಕಾಫಿ ಬರೀ ನೀರು, ಅಲ್ಲಿಯ ದಾದಿಯರು ಜನ್ಮದಲ್ಲಿ ಒಂದು ಕುರಿ ಹಿಡಿದವರಲ್ಲ ಎಂದು ದಿನಾ ಬೈಯುವಷ್ಟು ಗಟ್ಟಿ.

ಮೊನ್ನೆ ಹಾಲು ಕರೆಯುವಾಗ ರೇಡಿಯೋದಲ್ಲಿ ನಿನ್ನ ದನಿ ಕೇಳಿಸಿತು. ಬಿಸಿ ನೆಲದ ಮೇಲೆ ಬೆಳೆಯುವ ಹುಲ್ಲು ಮೊದಲು ಎಲ್ಲಿಂದ ಬಂತು ಎಂದು ಕೋಪನ್‌ಹೇಗನ್‌ನಲ್ಲಿ ಕೂತು ಇಪ್ಪತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೀಯಂತೆ. ಅದಕ್ಕೆ ಸಂಬಳವನ್ನೂ ಕೊಡುತ್ತಾರಂತೆ! ಹಸುಗಳಿಗೆ ಹೇಳಿದೆ, ಅವು ನಂಬಲಿಲ್ಲ.

ಇದರೊಳಗೆ ಎರಡು ಚಿಕ್ಕ ಲಕೋಟೆ ಇಟ್ಟಿದ್ದೇನೆ. ಒಂದರಲ್ಲಿ ನಮ್ಮ ಹೊಲದ ತೆನೆ, ಅಟ್ಟದ ಒಣಹುಲ್ಲಿನಿಂದ ಹೆಕ್ಕಿದ್ದು. ಇನ್ನೊಂದು ಹೊಲದಾಚೆಯ ಬಿಸಿ ನೆಲದ್ದು, ನಮ್ಮ ಕೊಯ್ಯದ ಮಡಿಯದ್ದು. ಗಾಬರಿಯಾಗಬೇಡ, ಕುಡುಗೋಲು ಮುಟ್ಟಿಸಿಲ್ಲ. ತಾನಾಗಿ ಬಾಗಿ ಬಿದ್ದದ್ದನ್ನು ಕೈಯಲ್ಲಿ ಆರಿಸಿದೆ. ಅದು ಬಂಡೆಯೊಳಗಿನ ಕಾಣದ ಜನರ ಹುಲ್ಲು, ಅದಕ್ಕೆ ಕಬ್ಬಿಣ ತಾಗಿಸಬಾರದು ಎಂದಷ್ಟೇ ಹಿರಿಯರು ಹೇಳಿದ್ದು. ಬಿದ್ದದ್ದನ್ನು ಎತ್ತಬಾರದು ಎಂದು ಯಾರೂ ಹೇಳಿಲ್ಲ.

ಎರಡೂ ಒಂದೇ ಮನೆತನದವೋ, ಬೇರೆ ಬೇರೆಯೋ? ಇಷ್ಟು ಹೇಳಿದರೆ ಸಾಕು.

ಬೆರಾ


ಕೋಪನ್‌ಹೇಗನ್
೨ ಏಪ್ರಿಲ್ ೧೯೯೭

ಬೆರಾ, ನನ್ನ ಬೆರಾ,

ಲಕೋಟೆ ಒಡೆದೊಡನೆ ಗುವುಹೋಲಿನ ವಾಸನೆ! ಒಣಹುಲ್ಲು, ಗಂಧಕ, ಸ್ವಲ್ಪ ಕೊಟ್ಟಿಗೆ. ಪ್ರಯೋಗಾಲಯದಲ್ಲಿ ಎಲ್ಲರೆದುರು ಲಕೋಟೆಗೆ ಮೂಗು ಒತ್ತಿಕೊಂಡು ನಿಂತುಬಿಟ್ಟೆ. ಜೊತೆಯವರು ನೆಗಡಿಯೇ ಎಂದು ಕೇಳಿದರು. ಹೌದು ಅಂದೆ.

ಪಟ್ಟಣದ ಮಕ್ಕಳನ್ನು ಬೇಸಿಗೆಗೆಂದು ಹಳ್ಳಿಮನೆಗೆ ದುಡಿಯಲು ಕಳಿಸುವುದು ಆಗ ಎಲ್ಲ ಮನೆಯಲ್ಲೂ ಇದ್ದದ್ದೇ. ಆದರೆ ನನ್ನಷ್ಟು ಅದೃಷ್ಟ ಎಷ್ಟು ಮಕ್ಕಳಿಗಿತ್ತು? ಎಂಟು ವರ್ಷದವಳು ಹಾಲಿನ ಲಾರಿಯಿಂದ ಇಳಿದಾಗ ನಿನ್ನ ಅಪ್ಪ ನನ್ನ ತೋಳು ಹಿಡಿದು ನೋಡಿ, "ಇವಳೇನು ಹುಲ್ಲಿನ ಹೊರೆ ಎತ್ತುತ್ತಾಳೆ, ಹೊರೆಯೇ ಇವಳನ್ನ ಎತ್ಕೊಂಡು ಹೋಗುತ್ತೆ" ಅಂದಿದ್ದರು. ನಿನ್ನ ಅಮ್ಮ ನಕ್ಕು, ರೈ ಹಿಟ್ಟು ತುಂಬಿದ ತಗಡಿನ ಡಬ್ಬವನ್ನು ನನ್ನ ಕೈಗಿಟ್ಟರು. ಮಡಿಯ ಅಂಚಿನಲ್ಲಿ ಆವಿಯಾಡುವ ಗುಂಡಿ, ಅದರಲ್ಲಿ ಡಬ್ಬ ಹೂತು, ಮೇಲೆ ಕಲ್ಲು ಹೇರಿ ಬಂದೆವು. ಮರುದಿನ ತೆಗೆದರೆ ಕಪ್ಪು ರೊಟ್ಟಿ, ಬಿಸಿ ಬಿಸಿ, ಬೆಲ್ಲದಷ್ಟು ಸಿಹಿ. ಮೇಲೆ ಬೆಣ್ಣೆ. ಊರೂರು ಸುತ್ತಿದೆ, ಅಂಥ ರೊಟ್ಟಿ ಮತ್ತೆ ಸಿಗಲಿಲ್ಲ.

ಒಂದು ವಿಷಯ ಮಾತ್ರ ಈಗಲೂ ಚುಚ್ಚುತ್ತದೆ. ನಲವತ್ತೊಂಬತ್ತರ ಜುಲೈಯಲ್ಲಿ ನಿನ್ನ ಅಮ್ಮ ತೀರಿಕೊಂಡ ಮರುದಿನ, ಅವರು ಹೂತಿಟ್ಟಿದ್ದ ಡಬ್ಬವನ್ನು ನಾವಿಬ್ಬರೇ ಹೋಗಿ ತೆಗೆದೆವಲ್ಲ. ನೀನು ಮುಟ್ಟಲಿಲ್ಲ. ನಾನು ಅಳುತ್ತಳುತ್ತಲೇ ಮುಕ್ಕಾಲು ರೊಟ್ಟಿ ತಿಂದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. ಆ ಬೇಸಿಗೆಯಿಡೀ ಅವರು ನನ್ನೊಡನೆ ಮಾತಾಡಲಿಲ್ಲ. ಹೊಟ್ಟೆಬಾಕಿ ಅಂದುಕೊಂಡಿರಬೇಕು.

ಇರಲಿ. ನಿನ್ನ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಬಿಸಿನೀರ ಬುಗ್ಗೆಗಳ ಸುತ್ತ, ರಷ್ಯಾದ ಆ ತುದಿಯ ಕಮ್ಚಾಟ್ಕಾದಲ್ಲಿ, ನಮ್ಮಲ್ಲಿ, ಎಲ್ಲ ಕಡೆಯೂ ಬಿಸಿ ನೆಲದ ಹುಲ್ಲು ನೋಡಲು ಒಂದೇ ಥರ. ಗಿಡ್ಡ, ಒತ್ತೊತ್ತು, ಬೇಗ ತೆನೆ ಬಿಟ್ಟು ಮುಗಿಸಿಬಿಡುವ ಆತುರ. ಅವೆಲ್ಲ ಒಬ್ಬಳೇ ತಾಯಿಯ ಮಕ್ಕಳಾಗಿದ್ದು ಹಕ್ಕಿಗಳ ಕಾಲಿಗಂಟಿ ಲೋಕ ಸುತ್ತಿದವೋ? ಅಥವಾ ಆಯಾ ಊರಿನ ಮಾಮೂಲಿ ಹುಲ್ಲೇ ಪಕ್ಕದ ಬಿಸಿ ನೆಲಕ್ಕೆ ಕಾಲಿಟ್ಟು, ಬದುಕಲು ಕಲಿತು, ಹೀಗಾದದ್ದೋ? ಇದೇ ನನ್ನ ಇಪ್ಪತ್ತು ವರ್ಷದ ತಲೆನೋವು. ನಿನ್ನ ತೆನೆಗಳನ್ನು ಪರೀಕ್ಷೆಗೆ ಹಾಕಿದ್ದೇನೆ.

ನಿನಗೇಕೆ ಈ ಕುತೂಹಲ? ಮಡಿಯ ಮೇಲೆ ಯಾರಾದರೂ ರಸ್ತೆ ಎಳೆಯುತ್ತಿದ್ದಾರೆಯೇ?

ನಿನ್ನ ಡ್ರೀವಾ


ಗುವುಹೋಲ್
೨೦ ಮೇ ೧೯೯೭

ಡ್ರೀವಾ,

ಕುರಿಗಳು ಮರಿ ಹಾಕುತ್ತಿವೆ. ನಿಂತಲ್ಲೇ ನಿದ್ದೆ ಬರುತ್ತಿದೆ, ಆದ್ದರಿಂದ ಚಿಕ್ಕ ಕಾಗದ.

ರಸ್ತೆ ಇಲ್ಲ, ಏನೂ ಇಲ್ಲ. ಸುಮ್ಮನೆ ಕೇಳಿದೆ.

ಅಪ್ಪನದು ಹೊಸ ಹಟ. ತನ್ನನ್ನು ಅಮ್ಮನ ಪಕ್ಕ ಹೂಳುವುದು ಬೇಡ, ಚರ್ಚಿನ ಬೇಲಿ ಮೂಲೆ ಸಾಕು ಎಂದು ಪಾದ್ರಿಗೆ ಹೇಳಿಟ್ಟಿದ್ದಾರೆ. ಇಷ್ಟು ವರ್ಷ ಅಮ್ಮನ ಸಮಾಧಿಯ ಹುಲ್ಲನ್ನು ಬೇರೆಯವರಿಗೆ ಕೊಯ್ಯಲು ಬಿಡದ ಮನುಷ್ಯ. ಪಕ್ಕದಲ್ಲಿ ತನಗೆಂದೇ ಜಾಗ ಬಿಡಿಸಿಕೊಂಡಿದ್ದ ಮನುಷ್ಯ.

ನಿನ್ನ ಪರೀಕ್ಷೆ ಬೇಗ ಮುಗಿಸು. ಅಪ್ಪನಿಗೆ ಎಂಬತ್ತೈದು.

ಬೆರಾ


ಪೌಝೆತ್ಕಾ, ಕಮ್ಚಾಟ್ಕಾ
೪ ಆಗಸ್ಟ್ ೧೯೯೭

ಬೆರಾ,

ಇಲ್ಲಿ ಅಗ್ರಫೇನಾ ಎಂಬ ಅಜ್ಜಿಯ ಮನೆಯಲ್ಲಿದ್ದೇನೆ. ಬೆಳಗ್ಗೆ ಮೀನಿನ ಸಾರು, ಸಂಜೆಗೆ ಅದೇ ಮೀನು, ನಡುವೆ ಬಾಯಿ ತುಂಬ ಬೈಗುಳ. ನಾನು ಹುಲ್ಲು ಕಿತ್ತು ಕಾಗದದಲ್ಲಿ ಒತ್ತಿಡುವುದನ್ನು ನೋಡಿ ಆಕೆ, "ನಿಮ್ಮೂರಲ್ಲಿ ಹಸು ಸತ್ತುಹೋದ್ವೇನೆ, ಹುಲ್ಲನ್ನ ಪುಸ್ತಕಕ್ಕೆ ತಿನ್ನಿಸ್ತಿದ್ದೀಯಲ್ಲ" ಅಂದಳು. ನಿನ್ನ ನೆನಪಾಗಿ ನಗು ತಡೆಯಲಾಗಲಿಲ್ಲ.

ಈಗ ಸಿಹಿಸುದ್ದಿ! ನೀನು ಕಳಿಸಿದ ತೆನೆಗಳಲ್ಲಿ ಕೆಲವನ್ನು ಜೊತೆಗೆ ತಂದಿದ್ದೆ. ಇಲ್ಲಿಯ ಬಿಸಿ ನೆಲದ ತೆನೆಯ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಎರಡೂ ಅವಳಿಜವಳಿ. ನಿಮ್ಮ ಹೊಲದ ತೆನೆಯನ್ನು ಇಟ್ಟರೆ ಅದಕ್ಕೂ ಇವಕ್ಕೂ ನೆಂಟಸ್ತಿಕೆಯೇ ಇಲ್ಲವೆನ್ನಬೇಕು. ಬೆರಾ, ನಿನ್ನ ಮಡಿಯ ಹುಲ್ಲು ನಿಮ್ಮ ಹೊಲದ್ದಲ್ಲ. ಬೇರೆಯೇ ಕುಲ, ಬಹಳ ಹಳೆಯ ಕುಲ, ಸಮುದ್ರ ದಾಟಿ ಬಂದು ನಮ್ಮ ಅಂಗಳದಲ್ಲಿ ಕೂತಿದೆ. ಡಿಎನ್‌ಎ ಪರೀಕ್ಷೆ ಇನ್ನೂ ಬಾಕಿ, ಆದರೆ ನನ್ನ ಮನಸ್ಸು ಒಪ್ಪಿಬಿಟ್ಟಿದೆ. ಕಾಣದ ಜನ ನಿಜವಾಗಿಯೂ ತಮ್ಮ ಹುಲ್ಲನ್ನು ತಾವೇ ತಂದುಕೊಂಡಿದ್ದಾರೆ ಎಂದು ಅಪ್ಪನಿಗೆ ಓದಿ ಹೇಳು. ನಗಲಿ ಪಾಪ.

ಸಮಾಧಿಯ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ವಯಸ್ಸಾದವರ ಹಟ, ನಾಲ್ಕು ದಿನಕ್ಕೆ ಮರೆಯುತ್ತಾರೆ.

ಡ್ರೀವಾ


ಕೋಪನ್‌ಹೇಗನ್
೧೪ ಅಕ್ಟೋಬರ್ ೧೯೯೭

ಬೆರಾ,

ಎರಡು ತಿಂಗಳಾಯಿತು, ಒಂದು ಸಾಲೂ ಇಲ್ಲ. ಮೊದಲು ಹುಲ್ಲು ಕೊಯ್ಲು ಅಂದುಕೊಂಡೆ. ಆಮೇಲೆ ಬೆಟ್ಟದಿಂದ ಕುರಿ ಇಳಿಸುವ ಸಮಯ ಅಂದುಕೊಂಡೆ. ಈಗ ಅದೂ ಮುಗಿದಿದೆ. ಕಾಣದ ಜನರ ಬಗ್ಗೆ ತಮಾಷೆ ಮಾಡಿದ್ದಕ್ಕೆ ಕೋಪವೇ? ಅಥವಾ ಇಷ್ಟು ಅಪರೂಪದ ಹುಲ್ಲು ಎಂದು ಗೊತ್ತಾದ ಮೇಲೆ ನನ್ನಂಥವಳಿಗೆ ಉತ್ತರಿಸಲು ಬಿಗುಮಾನವೇ? ಬೈಯುವುದಾದರೆ ಬೈದಾದರೂ ಬರೆ.

ಡ್ರೀವಾ


ಗುವುಹೋಲ್
೩೦ ನವೆಂಬರ್ ೧೯೯೭

ಡ್ರೀವಾ,

ನಿನ್ನ ಆಗಸ್ಟ್ ಕಾಗದವನ್ನು ಅಪ್ಪನ ಮುಂದೆಯೇ ಒಡೆದೆ. ಮೊದಲೇ ಓದಿಕೊಳ್ಳದೆ ಗಟ್ಟಿಯಾಗಿ ಓದಿದೆ, ನನ್ನ ಗ್ರಹಚಾರ. "ನಿಮ್ಮ ಹೊಲದ್ದಲ್ಲ" ಎಂಬಲ್ಲಿಗೆ ಬಂದಾಗ ಅಪ್ಪ ಕಾಫಿಗೆಂದು ಬಾಯಲ್ಲಿಟ್ಟುಕೊಂಡಿದ್ದ ಸಕ್ಕರೆ ಅಚ್ಚನ್ನು ತೆಗೆದು ತಟ್ಟೆಯಲ್ಲಿಟ್ಟರು. "ನಂಗೆ ಗೊತ್ತಿತ್ತು" ಅಂದರು. ಅಂದಿನಿಂದ ಊಟ ಅರ್ಧಕ್ಕಿಳಿದಿದೆ. ಪಾದ್ರಿಯನ್ನು ಮತ್ತೆ ಕರೆಸಿ ಬೇಲಿ ಮೂಲೆಯ ಮಾತನ್ನು ಗಟ್ಟಿ ಮಾಡಿದ್ದಾರೆ.

ನಾನೇ ಮೊದಲು ಎಲ್ಲ ಹೇಳಬೇಕಿತ್ತು. ಹೇಳಿದರೆ ನೀನು ಮನಸ್ಸು ನೋಯಬಾರದೆಂದು ಬೇಕಾದ ಉತ್ತರ ಕೊಟ್ಟೀಯೆ ಎಂಬ ಅನುಮಾನ. ಅದಕ್ಕೇ ಮುಚ್ಚಿಟ್ಟೆ. ಈಗ ಕೇಳು.

ನಲವತ್ತೊಂಬತ್ತರಲ್ಲಿ ನೀನು ಬರುವ ಮೊದಲಿನ ಮಾತು. ಆ ವರ್ಷ ವಸಂತವೇ ಬರಲಿಲ್ಲ. ಮೇ ಕೊನೆಗೆ ಬಂದರೂ ಹೊಲದ ಮೇಲೆ ಹಿಮ, ಅಟ್ಟ ಗುಡಿಸಿದ ಹಾಗೆ ಖಾಲಿ. ಹುಪ್ಪಾ ಎಂಬ ಒಂದೇ ಹಸು ಉಳಿದಿತ್ತು, ಅದೂ ಎದ್ದು ನಿಲ್ಲಲಾರದೆ ಮಲಗಿತ್ತು. ಅಮ್ಮ ಬಸುರಿ, ಗೋಡೆ ಹಿಡಿದು ನಡೆಯುವಷ್ಟು ನಿತ್ರಾಣ. ಕಣ್ಣಿಗೆ ಹಸಿರೆಂದರೆ ಆ ಮಡಿಯೊಂದೇ. ಅಪ್ಪ ಒಂದು ಬೆಳಗ್ಗೆ ಕುಡುಗೋಲು ಮಸೆದು ಹೋಗಿ ಮಡಿಯನ್ನು ಪೂರ್ತಿ ಕೊಯ್ದು ಹುಪ್ಪಾಗೆ ಹಾಕಿದರು. ಅದು ಎದ್ದಿತು, ಹಾಲೂ ಕೊಟ್ಟಿತು. ಜುಲೈಯಲ್ಲಿ ಅಮ್ಮ, ಕೂಸು, ಇಬ್ಬರೂ ಹೋದರು.

ಇದನ್ನು ಅಪ್ಪ ನನಗೆ ಹೇಳಿದ್ದು ಕಳೆದ ಫೆಬ್ರವರಿಯಲ್ಲಿ, ಪಾದ್ರಿ ಬಂದು ಹೋದ ಮೇಲೆ. "ಅವರ ಹುಲ್ಲು ಕದ್ದೆ, ಅವರು ಅವಳನ್ನ ತಗೊಂಡ್ರು. ಕೊಂದವನು ಅವಳ ಪಕ್ಕ ಹೋಗಿ ಮಲಗೋದು ಹೇಗೆ ಮಗಳೇ?" ಅಂದರು. ನಾನು ಬೇಕಾದಷ್ಟು ವಾದ ಮಾಡಿದೆ. ಕೊನೆಗೆ, "ಅದು ಅವರದ್ದೇ ಹುಲ್ಲು ಅಂತ ಏನು ಖಾತ್ರಿ? ನಮ್ಮ ಹುಲ್ಲೇ ಆಗಿದ್ರೆ?" ಅಂದೆ. ಅಪ್ಪ ಅವತ್ತು ಆಸೆಯಿಂದ ನನ್ನ ಮುಖ ನೋಡಿದ ರೀತಿ ನೋಡಿಯೇ ನಿನಗೆ ಬರೆದದ್ದು.

ನಿನ್ನ ತಪ್ಪೇನೂ ಇಲ್ಲ. ನಿಜ ಏನೋ ಅದನ್ನು ಬರೆದೆ. ಆದರೆ ಎರಡು ತಿಂಗಳು ನಿನ್ನ ಮೇಲೆ ಕೋಪ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಬೆರಾ


ಕೋಪನ್‌ಹೇಗನ್
೧೧ ಡಿಸೆಂಬರ್ ೧೯೯೭

ಬೆರಾ,

ನಿನ್ನ ಕಾಗದ ಓದಿ ಮೇಜಿಗೆ ತಲೆಯಿಟ್ಟು ಅತ್ತೆ. ಆಮೇಲೆ ನನಗೇ ನಾನು ಬೈದುಕೊಂಡೆ, ಏಕೆಂದರೆ ನಿನಗೆ ಬೇಕಾದ ಉತ್ತರ ಸೆಪ್ಟೆಂಬರ್‌ನಿಂದ ನನ್ನ ಮೇಜಿನ ಖಾನೆಯಲ್ಲೇ ಬಿದ್ದಿದೆ.

ನಾನು ಕಮ್ಚಾಟ್ಕಾದಿಂದ ಬರೆದದ್ದು ತಪ್ಪು. ಕಣ್ಣು ಮೋಸಹೋಯಿತು. ಡಿಎನ್‌ಎ ಪರೀಕ್ಷೆಯ ಫಲ ಬಂದಾಗ ನೋಡಿದರೆ ಅಲ್ಲಿಯ ಹುಲ್ಲು, ಅಮೆರಿಕದ ಹುಲ್ಲು, ಅವು ಒಂದಕ್ಕೊಂದು ನೆಂಟರು. ನಿನ್ನ ಮಡಿಯ ಹುಲ್ಲಿಗೂ ಅವಕ್ಕೂ ಸಂಬಂಧವೇ ಇಲ್ಲ. ಅದು ನಿಮ್ಮ ಹೊಲದ ಹುಲ್ಲಿನ ಮಗಳು. ಬೇಲಿ ದಾಟಿ ಬಿಸಿ ನೆಲಕ್ಕೆ ಬಿದ್ದ ಬೀಜ ತಲೆಮಾರು ತಲೆಮಾರು ಅಲ್ಲೇ ಬೆಂದು ಬದುಕಿ ಆ ರೂಪ ತಾಳಿದೆ. ದೂರದ ಎರಡು ಊರಿನಲ್ಲಿ ಒಂದೇ ಬಿಸಿಲಿಗೆ ದುಡಿದವರ ಮೈಬಣ್ಣ ಒಂದೇ ಆದ ಹಾಗೆ. ಮೈಬಣ್ಣ ನೋಡಿ ನಾನು ಅಕ್ಕತಂಗಿಯರು ಅಂದುಬಿಟ್ಟೆ.

ಇದನ್ನು ಏಕೆ ಕಳಿಸಲಿಲ್ಲ ಎಂದರೆ, ನಿನಗೆ ನಿರಾಸೆಯಾದೀತೆಂದು! ನಿನ್ನ ಮಡಿ ಲೋಕಕ್ಕೇ ಅಪರೂಪ ಎಂದು ಹೊಗಳಿ, ಈಗ ಮಾಮೂಲಿ ಹುಲ್ಲು ಎಂದು ಹೇಗೆ ಬರೆಯಲಿ ಅಂದುಕೊಂಡೆ. ನೀನು ಸುಮ್ಮನಿದ್ದದ್ದು ಹೆಮ್ಮೆಯಿಂದ ಅಂದುಕೊಂಡೆ. ನಾವಿಬ್ಬರೂ ಎಂಥ ಪೆದ್ದಿಯರು ನೋಡು.

ಸಮಾಧಾನಕ್ಕೆ ಬರೆದಿದ್ದೇನೆಂದು ನಿನಗೂ ಅನಿಸುತ್ತದೆ, ಅಪ್ಪನಿಗೂ ಅನಿಸುತ್ತದೆ. ಆದ್ದರಿಂದ ನನ್ನನ್ನು ನಂಬಬೇಡ. ಮಡಿಯಿಂದ ಬೇರುಸಹಿತ ಒಂದು ಹಿಡಿ ಹುಲ್ಲು ಎತ್ತಿ, ಹೊಲದ ತಣ್ಣನೆಯ ಮಣ್ಣಿನಲ್ಲಿ ನೆಟ್ಟು, ಕಿಟಕಿಯಲ್ಲಿಡು. ಬೇಸಿಗೆಯ ಹೊತ್ತಿಗೆ ಅದು ತನ್ನ ಮನೆತನ ಯಾವುದೆಂದು ತಾನೇ ತೋರಿಸುತ್ತದೆ. ಹುಲ್ಲು ಗೊತ್ತಿರುವವರು ನಿನ್ನ ಅಪ್ಪ. ಅವರೇ ನೋಡಲಿ.

ಮಡಿ ಅಗೆಯಲು ನಿನಗೆ ಭಯವಾದರೆ ಹೇಳು. ನಾನೇ ಬಂದು ಅಗೆಯುತ್ತೇನೆ.

ಡ್ರೀವಾ


ಗುವುಹೋಲ್
೮ ಫೆಬ್ರವರಿ ೧೯೯೮

ಡ್ರೀವಾ,

ನಿನ್ನ ಕಾಗದ ಓದಿ ಹೇಳಿದಾಗ ಅಪ್ಪ, "ಒಳ್ಳೇ ಹುಡುಗಿ. ಒಳ್ಳೆಯವಳು, ಅದಕ್ಕೇ ಹೀಗೆ ಬರೆದಿದ್ದಾಳೆ" ಅಂದರು. ನೀನು ಅಂದುಕೊಂಡದ್ದೇ ಆಯಿತು.

ಮಡಿ ಅಗೆದೆ. ಭಯ ಆಯಿತೇ ಎಂದರೆ, ಹೌದು, ಆಯಿತು. ಅರವತ್ತು ವರ್ಷದ ಹೆಂಗಸು, ಎರಡು ಸಲ ಹೋರಿ ಗುದ್ದಿಸಿಕೊಂಡವಳು, ಅಲ್ಲಿ ಮೊಣಕಾಲೂರಿ, "ತಪ್ಪು ತಿಳಿಯಬೇಡಿ, ನೋಡಿ ವಾಪಸು ತಂದುಕೊಡ್ತೀನಿ" ಎಂದು ಗಾಳಿಗೆ ಹೇಳಿದೆ. ಕಬ್ಬಿಣ ಬೇಡವೆಂದು ಮರದ ಚಮಚದಲ್ಲಿ ಅಗೆದೆ. ನಗಬೇಡ. ಸುತ್ತ ಹಿಮ, ಕೈ ಹಾಕಿದಲ್ಲಿ ಮಾತ್ರ ಬೆಚ್ಚಗೆ, ಹಸುವಿನ ಹೊಟ್ಟೆ ಮುಟ್ಟಿದ ಹಾಗೆ.

ನೆಡಲು ಕುಂಡ ಹುಡುಕಿದರೆ ಸಿಕ್ಕಿದ್ದು ಅಮ್ಮನ ರೊಟ್ಟಿ ಡಬ್ಬ. ಅಷ್ಟು ವರ್ಷದಿಂದ ಅಟ್ಟದಲ್ಲಿ ಮುಚ್ಚಳ ಹಾಕಿ ಕೂತಿತ್ತು. ನೀನು ರೊಟ್ಟಿ ತೆಗೆದ ದಿನದಿಂದ ಆ ಗುಂಡಿಯಲ್ಲಿ ಬೆಂದದ್ದನ್ನು ಅಪ್ಪ ಬಾಯಿಗೆ ಹಾಕಿಲ್ಲ ಎಂಬುದು ನಿನಗೆ ಗೊತ್ತಿಲ್ಲವೇನೋ. ಅಂಗಡಿ ರೊಟ್ಟಿ, ಅದನ್ನು ಬೈಯುತ್ತ ತಿನ್ನುವುದು.

ಡಬ್ಬವನ್ನು ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದೇನೆ. ಹುಲ್ಲು ಹಾಗೇ ಇದೆ, ಗಿಡ್ಡಕೆ, ಮುನಿಸಿಕೊಂಡ ಹಾಗೆ.

ಬೆರಾ


ಗುವುಹೋಲ್
೨೧ ಜೂನ್ ೧೯೯೮

ಡ್ರೀವಾ,

ಏಪ್ರಿಲ್‌ವರೆಗೆ ಏನೂ ಇಲ್ಲ. ನಿನ್ನನ್ನು ದಿನಾ ಒಂದೊಂದು ಸಲ ಬೈದೆ. ಮೇ ಬಂದಾಗ ಹೊಸ ಗರಿ ಬಂತು. ಅಗಲ ಗರಿ, ಉದ್ದ ಗರಿ. ಹಳೆಯ ಗಿಡ್ಡ ಗರಿಗಳನ್ನು ಬುಡದಲ್ಲೇ ಬಿಟ್ಟು ಮೊಳಕೈಯುದ್ದ ಬೆಳೆದು ಕಿಟಕಿಯ ಪರದೆಗೆ ತಾಗಿತು. ಒಂದೇ ಒಂದು ವ್ಯತ್ಯಾಸ, ಹೊಲದ ಹುಲ್ಲಿಗಿಂತ ಮೊದಲೇ ತೆನೆಗೆ ಅವಸರ ಮಾಡಿತು.

ನಿನ್ನೆ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಅಪ್ಪ ಮೊದಲು ನೋಡಿದ್ದು ಡಬ್ಬವನ್ನು. ಅದರ ಅಂಚಿನ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಹುಲ್ಲಿನೊಳಗೆ ಬೆರಳು ಹಾಕಿ ಬಾಚಿದರು, ಮೂಸಿದರು. ಒಂದು ಗರಿ ಕಿತ್ತು ಜಗಿದರು. ಹೊಸ ದಾದಿ, "ಅಜ್ಜಾ, ಅದು ಸೊಪ್ಪಲ್ಲ" ಎಂದು ಓಡಿಬಂದಳು. "ನಿಂಗೇನಮ್ಮಾ ಗೊತ್ತು, ಸುಮ್ನಿರು" ಅಂದರು. ಹುಲ್ಲು ಒಣಗಿದೆಯೋ ಇಲ್ಲವೋ ಎಂದು ಜಗಿದೇ ಹೇಳುತ್ತಿದ್ದವರಲ್ಲವೇ.

ಜಗಿದದ್ದನ್ನು ಅಂಗೈಗೆ ಉಗುಳಿ ನೋಡಿ, "ಇದು ನಮ್ಮ ಹೊಲದ್ದು" ಅಂದರು.

"ಹೌದಪ್ಪಾ."

"ಮಡಿಯಿಂದಲೇ ಕಿತ್ತಿದ್ದು ತಾನೇ? ನನಗೆ ನಾಟಕ ಮಾಡ್ತಿಲ್ಲವಲ್ಲ?"

"ಅಮ್ಮನ ಡಬ್ಬದ ಆಣೆ."

ಅಪ್ಪ ಕಿಟಕಿಯಾಚೆ ನೋಡುತ್ತ ಲೆಕ್ಕ ಹಾಕಿದರು. ಆಮೇಲೆ, ಡ್ರೀವಾ, ಆ ಹಳೆಯ ತುಂಟ ನಗು ಬಂತು, ನಿನ್ನ ತೋಳು ಹಿಡಿದು ನೋಡಿದಾಗ ನಕ್ಕಿದ್ದರಲ್ಲ, ಅದು. "ಹಾಗಾದ್ರೆ ಬೀಜ ಅವರು ನಮ್ಮಿಂದ ಒಯ್ದಿದ್ದಾರೆ. ಒಂದು ಮಾತು ಕೇಳಲಿಲ್ಲ! ಒಳ್ಳೇ ನೆರೆಯವರು. ನಾನೂ ಕೇಳದೇ ಕೊಯ್ದೆ. ಸರಿ, ಹೋಗಲಿ, ಸಮ ಆಯ್ತು."

ನಾನು ನಕ್ಕೆ. ಅಪ್ಪನ ನಗು ಮಾತ್ರ ಅಲ್ಲೇ ನಿಂತಿತು. "ಮತ್ತೆ ಅವಳು ಯಾಕೆ ಹೋದಳು?" ಅಂದರು. ಹೀಗೆ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಅವರ ಹತ್ತಿರ ಉತ್ತರ ಇತ್ತು.

"ಹೆರಿಗೆ ಕಷ್ಟ ಆಯ್ತು ಅಪ್ಪಾ. ಹೊಳೆ ತುಂಬಿತ್ತು, ಡಾಕ್ಟರು ದಾಟಲಾಗಲಿಲ್ಲ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಆಗ ಅತ್ತರು. ಅಮ್ಮ ಹೋದಾಗಲೂ ಅಳದಿದ್ದವರು, ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಮಗುವಿನ ಹಾಗೆ ಅತ್ತರು. ನಾನು ತಡೆಯಲಿಲ್ಲ. ಕಣ್ಣೊರೆಸಿಕೊಂಡು ಅವರೇ ಹೇಳಿದರು, "ಹಾಲು ಕುಡಿದಳು ಕಣೇ. ಹುಪ್ಪಾ ಎದ್ದ ಮೇಲೆ ದಿನಾ ಒಂದು ಚೊಂಬು ಕುಡಿತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು, ನಿಂಗೆ ನೆನಪಿದೆಯಾ?"

ನನಗೆ ನೆನಪಿದೆ. ನಿನಗೂ ಇರಬೇಕು. ಆ ವರ್ಷ ನೀನು ಬಂದ ದಿನ ಅಮ್ಮ ಅಂಗಳದಲ್ಲಿ ಹಾಡಿಕೊಂಡು ಬಟ್ಟೆ ಹರವುತ್ತಿದ್ದಳು.

ಸಂಜೆಯೇ ಪಾದ್ರಿಗೆ ಕರೆ ಹೋಯಿತು. ಬೇಲಿ ಮೂಲೆ ರದ್ದು. ಅಮ್ಮನ ಪಕ್ಕದ ಜಾಗ ಇಕ್ಕಟ್ಟಾಯಿತು, ತಾನು ಮೊದಲಿಂದಲೂ ಕಾಲು ಚಾಚಿ ಮಲಗುವವನು ಎಂದು ಅಪ್ಪ ಈಗ ಪಾದ್ರಿಯ ಜೊತೆ ಜಗಳ ಶುರುಮಾಡಿದ್ದಾರೆ.

ನಿನ್ನ ವಿಷಯವನ್ನೂ ಕೇಳಿದೆ. ರೊಟ್ಟಿ ತಿಂದದ್ದಕ್ಕೆ ಡ್ರೀವಾ ಮೇಲೆ ಕೋಪವಿತ್ತೇ ಎಂದೆ. ಅಪ್ಪನಿಗೆ ಆಶ್ಚರ್ಯ. "ಕೋಪ ಯಾಕೆ? ಅವಳು ಕೊನೇ ಸಲ ಕೈಯಾರೆ ಹೂತಿಟ್ಟ ರೊಟ್ಟಿ. ಆ ನೆಲದಲ್ಲಿ ಬೆಂದದ್ದು ಅಂತ ನಂಗೆ ಮುಟ್ಟೋ ಧೈರ್ಯ ಬರಲಿಲ್ಲ. ಆ ಹುಡುಗಿ ತಿಂದಳು, ಒಬ್ಬಳಾದರೂ ತಿಂದಳು. ಅವಳ ಮುಖ ನೋಡಿದ್ರೆ ನಂಗೆ ಅಳು ಬರೋದು, ಅದಕ್ಕೇ ಮಾತಾಡ್ತಿರಲಿಲ್ಲ" ಅಂದರು.

ನಾಳೆ ಅಪ್ಪನನ್ನು ಮನೆಗೆ ಕರೆತರುತ್ತಿದ್ದೇನೆ. ರೈ ಹಿಟ್ಟು ಕಲಸಿ ಮಡಿಯ ಅಂಚಿನಲ್ಲಿ ಹೂತು ಬಂದೆ. ಅಮ್ಮನ ಡಬ್ಬದಲ್ಲಿ ಹುಲ್ಲಿದೆಯಲ್ಲ, ಹಾಗಾಗಿ ಹಾಲು ತುಂಬುವ ಮೇಣದ ರಟ್ಟಿನ ಪೆಟ್ಟಿಗೆಯಲ್ಲೇ ಹೂತೆ. ಫೋನಿನಲ್ಲಿ ಹೇಳಿದರೆ ಅಪ್ಪ ಕಿರುಚಿದರು: "ರಟ್ಟಿನಲ್ಲಿ ಎಲ್ಲಾದ್ರೂ ರೊಟ್ಟಿ ಬೇಯುತ್ತೇನೆ? ಕಲ್ಲು ಸರಿಯಾಗಿ ಹೇರಿದ್ದೀಯಾ?" ಹೇರಿದ್ದೇನೆ ಎಂದರೂ ನಂಬದೆ ಮತ್ತೆ ಮತ್ತೆ ಕೇಳಿದರು.

ಕೊಯ್ಲಿನ ಹೊತ್ತಿಗೆ ನೀನೂ ಬಾ. ಮುಕ್ಕಾಲು ರೊಟ್ಟಿ ನಿನಗೇ ಎತ್ತಿಡಲು ಅಪ್ಪ ಹೇಳಿದ್ದಾರೆ.

ಬೆರಾ